ಮಸಿ ಹಿಡಿಯುವ ಡಬ್ಬಿ

ನಮ್ಮ ಕಡೆ ಟೆಸ್ಟು ಎಂದರೆ ಎರಡು. ಒಂದು ಮಕ್ಕಳಿಗೆ ಶಾಲೆಯಲ್ಲಿ ನಡೆಯುವುದು, ಇನ್ನೊಂದು ಬಾಡಿಗೆ ಗಾಡಿಗಳಿಗೆ ಆರ್.ಟಿ.ಓ. ಮೈದಾನದಲ್ಲಿ ನಡೆಯುವುದು. ತಯಾರಿ ಮಾತ್ರ ಎರಡಕ್ಕೂ ಒಂದೇ ಥರ. ಎ.ಇ.ಓ. ಬರುತ್ತಾರೆ ಎಂದಾದರೆ ಶಾಲೆಯ ಗೋಡೆಗೆ ಸುಣ್ಣ ಬೀಳುತ್ತದೆ, ಹರಿದ ನಕಾಶೆ ಕಪಾಟಿನೊಳಗೆ ಹೋಗುತ್ತದೆ. ಗಾಡಿಯ ಟೆಸ್ಟಿನ ತಾರೀಕು ಹತ್ತಿರ ಬಂತೆಂದರೆ ತುಕ್ಕು ಕೆರೆದು ಪೈಂಟು, ಹಿಂದೆ ಮುಂದೆ ಹೊಳೆಯುವ ಟೇಪು, ಉರಿಯದ ಇಂಡಿಕೇಟರಿಗೆ ಹೊಸ ಬಲ್ಬು, ಸವೆದ ಟಯರಿದ್ದರೆ ಬದಲಿ. ನೋಡುವವರು ಯಾವುದನ್ನು ನೋಡುತ್ತಾರೋ ಅದನ್ನು ಸರಿ ಮಾಡುವುದು, ಉಳಿದದ್ದು ಮುಂದಿನ ಸಲಕ್ಕೆ. ಯಾರನ್ನೂ ದೂರಲಿಕ್ಕೆ ಇದನ್ನು ಹೇಳುತ್ತಿಲ್ಲ. ಇಪ್ಪತ್ತು ವರ್ಷದಿಂದ ಬಾಡಿಗೆ ಗಾಡಿಯಲ್ಲೇ ಹೊಟ್ಟೆ ಹೊರೆದವನು ನಾನು, ಕಂಡದ್ದನ್ನು ಹೇಳುತ್ತಿದ್ದೇನೆ.

1988ರ ಮೋಟಾರು ವಾಹನ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಬಾಡಿಗೆಗೆ ಓಡುವ ಗಾಡಿ ರಸ್ತೆಗೆ ಇಳಿಯಬೇಕಾದರೆ ಅದಕ್ಕೊಂದು ಯೋಗ್ಯತಾ ಪತ್ರ ಬೇಕು. ನಾವು ಅದನ್ನು ಸಿ.ಎಫ್. ಎನ್ನುತ್ತೇವೆ, ಗಡಿಯಾಚೆ ಪುತ್ತೂರಿನವರು ಎಫ್.ಸಿ. ಎನ್ನುತ್ತಾರೆ. ಅಕ್ಷರ ಹಿಂದುಮುಂದು, ಸಂಗತಿ ಒಂದೇ. ಹೊಸ ಗಾಡಿಗೆ ಮೊದಲ ಎರಡು ವರ್ಷ ಆ ಚಿಂತೆಯಿಲ್ಲ. ಆಮೇಲೆ ಗಾಡಿಗೆ ಎಂಟು ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಎಂಟು ದಾಟಿದ ಮೇಲೆ ವರ್ಷ ವರ್ಷವೂ ಟೆಸ್ಟಿಗೆ ಒಯ್ಯಬೇಕು. ಸ್ವಂತಕ್ಕೆ ಕಾರಿಟ್ಟುಕೊಂಡ ಮಾಷ್ಟ್ರುಗಳಿಗೆ 15 ವರ್ಷದವರೆಗೆ ಈ ತಲೆಬಿಸಿ ಇಲ್ಲ. ಅವರಿಗೆ ಗೊತ್ತಿರುವುದು ಹೊಗೆ ಟೆಸ್ಟು ಮಾತ್ರ.

ಹೊಗೆ ಟೆಸ್ಟು ಎಂದರೆ ಎಂತದ್ದು ಎಂದು ಹಲವರಿಗೆ ಗೊತ್ತಿಲ್ಲ, ರಶೀದಿ ಸಿಕ್ಕಿದರೆ ಸಾಕು. ಡೀಸೆಲ್ ಗಾಡಿಯಾದರೆ ಬಿಸಿಯಾದ ಎಂಜಿನನ್ನು ನ್ಯೂಟ್ರಲಿನಲ್ಲಿಟ್ಟು ಆಕ್ಸಿಲರೇಟರನ್ನು ಪೂರ್ತಿ ಒತ್ತುತ್ತಾರೆ. ಸೈಲೆನ್ಸರಿನ ಬಾಯಿಗೆ ಸಿಕ್ಕಿಸಿದ ನಳಿಗೆಯಿಂದ ಹೊಗೆ ಯಂತ್ರದೊಳಗೆ ಹೋಗುತ್ತದೆ. ಅಲ್ಲಿ ಒಂದು ಬದಿಯಲ್ಲಿ ಬೆಳಕು, ಎದುರು ಬದಿಯಲ್ಲಿ ಆ ಬೆಳಕನ್ನು ಅಳೆಯುವ ಕಣ್ಣು. ನಡುವೆ ಬಂದ ಹೊಗೆ ಎಷ್ಟು ಬೆಳಕನ್ನು ತಡೆಯಿತು ಎಂಬುದೇ ನಮ್ಮ ಅಂಕ. ಹಳೆಯ ಡೀಸೆಲ್ ಗಾಡಿಗಳಿಗೆ ಆ ಅಂಕ 2.45 ದಾಟಬಾರದು, ಬಿ.ಎಸ್.-4 ಗಾಡಿಗಳಿಗೆ 1.62 ದಾಟಬಾರದು. ಶಾಲೆಯ ಟೆಸ್ಟಿನಲ್ಲಿ ಅಂಕ ಹೆಚ್ಚಾದಷ್ಟು ಒಳ್ಳೆಯದು, ಇಲ್ಲಿ ಕಮ್ಮಿಯಾದಷ್ಟು ಒಳ್ಳೆಯದು.

ನನ್ನ ಈಗಿನ ಪಿಕಪ್ಪನ್ನು ತೆಗೆದುಕೊಂಡದ್ದು 2021ರ ಫೆಬ್ರವರಿಯಲ್ಲಿ. ಅಂದರೆ ಬಿ.ಎಸ್.-6 ಗಾಡಿ. ನಮ್ಮ ದೇಶ 2017ರ ಏಪ್ರಿಲಿನಲ್ಲಿ ಎಲ್ಲ ಕಡೆಗೂ ಬಿ.ಎಸ್.-4 ತಂದಿತ್ತು. ಅಲ್ಲಿಂದ ಐದನೇ ಮೆಟ್ಟಿಲನ್ನು ಹಾರಿ 2020ರ ಏಪ್ರಿಲ್ 1ಕ್ಕೆ ನೇರ ಆರಕ್ಕೆ ಕಾಲಿಟ್ಟಿತು. ಡೀಸೆಲ್ ಕಾರು ಒಂದು ಕಿಲೋಮೀಟರ್ ಓಡುವಾಗ ಹೊರಗೆ ಬಿಡಬಹುದಾದ ಮಸಿ ಮೊದಲು 25 ಮಿಲಿಗ್ರಾಂ ಇದ್ದದ್ದು ಈಗ ನಾಲ್ಕೂವರೆ ಮಿಲಿಗ್ರಾಂ. ಅಷ್ಟು ಕೆಳಗೆ ಇಳಿಸಬೇಕಾದರೆ ಎಂಜಿನಿನ ಜಾಣತನ ಮಾತ್ರ ಸಾಲದು, ಹೊಗೆಯನ್ನು ಸೋಸಿಯೇ ಹೊರಗೆ ಬಿಡಬೇಕು. ಅದಕ್ಕಾಗಿ ಎಂಜಿನಿಗೂ ಸೈಲೆನ್ಸರಿಗೂ ನಡುವೆ ಒಂದು ಸಾಮಾನು ಬಂತು. ಕಂಪೆನಿಯ ಪುಸ್ತಕದಲ್ಲಿ ಅದರ ಹೆಸರು ಡೀಸೆಲ್ ಪರ್ಟಿಕ್ಯುಲೇಟ್ ಫಿಲ್ಟರ್, ಗ್ಯಾರೇಜಿನಲ್ಲಿ ಡಿ.ಪಿ.ಎಫ್., ನನ್ನ ಬಾಯಲ್ಲಿ ಮಸಿ ಹಿಡಿಯುವ ಡಬ್ಬಿ. ಹೊರಗಿನ ದೇಶಗಳಿಗೆ ಇದು ಹೊಸತಲ್ಲ. ಫ್ರಾನ್ಸಿನ ಪೂಜೋ ಕಂಪೆನಿ 2000ನೇ ಇಸವಿಯಲ್ಲೇ ತನ್ನ 607 ಎಂಬ ಕಾರಿನಲ್ಲಿ ಇದನ್ನು ಇಟ್ಟಿತ್ತು.

ಡಬ್ಬಿಯ ಒಳಗಿರುವುದು ಪಿಂಗಾಣಿ ಜಾತಿಯ ಒಂದು ಗಟ್ಟಿ. ಜೇನಿನ ಎರಿಯ ಹಾಗೆ ಉದ್ದಕ್ಕೂ ಸಾವಿರಾರು ಸಪೂರದ ಕೊಳವೆಗಳು. ಒಂದು ಕೊಳವೆಯ ಮುಂದಿನ ಬಾಯಿ ತೆರೆದಿದ್ದರೆ ಹಿಂದಿನದ್ದು ಮುಚ್ಚಿರುತ್ತದೆ, ಪಕ್ಕದ ಕೊಳವೆಗೆ ಅದರ ತಿರುಗಾಮುರುಗಾ. ಒಳಗೆ ಹೊಕ್ಕ ಹೊಗೆಗೆ ಮುಂದೆ ದಾರಿಯಿಲ್ಲ. ಗೋಡೆಯ ಸೂಕ್ಷ್ಮ ತೂತುಗಳ ಮೂಲಕ ಪಕ್ಕದ ಕೊಳವೆಗೆ ದಾಟಲೇಬೇಕು. ಗಾಳಿ ದಾಟುತ್ತದೆ, ಮಸಿ ಗೋಡೆಯಲ್ಲೇ ಉಳಿಯುತ್ತದೆ, ಬಟ್ಟೆಯಲ್ಲಿ ಕಷಾಯ ಸೋಸಿದ ಹಾಗೆ.

ಸೋಸುವ ಬಟ್ಟೆಯನ್ನು ಆಗಾಗ ಹಿಂಡಿ ತೊಳೆಯದಿದ್ದರೆ ಕಷಾಯ ಇಳಿಯುವುದಿಲ್ಲವಲ್ಲ. ಡಬ್ಬಿಯನ್ನು ತೊಳೆಯುವುದು ಬೆಂಕಿಯಿಂದ. ಮಸಿ ಎಂದರೆ ಅರ್ಧ ಸುಟ್ಟ ಇಂಗಾಲ, ಸುಮಾರು 600 ಡಿಗ್ರಿ ಶಾಖ ಸಿಕ್ಕಿದರೆ ಉಳಿದರ್ಧವೂ ಸುಟ್ಟುಹೋಗುತ್ತದೆ. ಡಬ್ಬಿಯ ಹಿಂದೆ ಮುಂದೆ ಎರಡು ಸಣ್ಣ ನಳಿಗೆಗಳು ಒತ್ತಡ ನೋಡುತ್ತಾ ಇರುತ್ತವೆ. ಮಸಿ ತುಂಬಿ ಒತ್ತಡದ ವ್ಯತ್ಯಾಸ ಹೆಚ್ಚಾಯಿತೆಂದು ಕಂಡರೆ ಎಂಜಿನ್ ತಾನಾಗಿ ಸ್ವಲ್ಪ ಹೆಚ್ಚು ಡೀಸೆಲ್ ಹೊಡೆದು, ಶಾಖ ಏರಿಸಿ, ಒಳಗಿನ ಮಸಿಯನ್ನು ಸುಡುತ್ತದೆ. ಇದಕ್ಕೆ ರೀಜನರೇಷನ್ ಎನ್ನುತ್ತಾರೆ. ಆದರೆ ಅದಕ್ಕೊಂದು ಕರಾರು ಉಂಟು. ಗಾಡಿ ಒಂದೇ ಹದದ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ನಿಲ್ಲದೆ ಓಡಬೇಕು. ನಡುವೆ ಆಫ್ ಮಾಡಿದರೆ ಅರ್ಧ ಬೆಂದ ಅನ್ನದ ಕಥೆ. ಹಾಗೆ ಹಲವು ಸಲ ಆದರೆ ಸುಡಲಿಕ್ಕೆಂದು ಹೊಡೆದ ಡೀಸೆಲ್ ಎಂಜಿನ್ ಆಯಿಲಿಗೆ ಇಳಿದು ಆಯಿಲನ್ನು ತೆಳ್ಳಗೆ ಮಾಡುತ್ತದೆ.

ನಿಲ್ಲದೆ ಇಪ್ಪತ್ತು ನಿಮಿಷ ಓಡುವ ಬಾಡಿಗೆ ನಮ್ಮ ಊರಿನಲ್ಲಿ ಎಲ್ಲಿ ಸಿಗಬೇಕು? ಪೆರ್ಲದ ಅಂಗಡಿಯಿಂದ ಒಂದು ಬೈಲಿಗೆ ಗೊಬ್ಬರ. ಆ ಬೈಲಿನಿಂದ ಗುಡ್ಡೆಯ ಮೇಲಿನ ಮನೆಗೆ ಕೆಂಪುಕಲ್ಲು. ಇಳಿಸುವವರೆಗೆ ಅರ್ಧ ಗಂಟೆ ಕಾಯುವುದು. ಮತ್ತೆ ನಾಲ್ಕು ಗೋಣಿ ಅಡಿಕೆ ಬದಿಯಡ್ಕಕ್ಕೆ. ಫಸ್ಟು, ಸೆಕೆಂಡು, ಬ್ರೇಕು, ಆಫ್. ಯುರೋಪಿನ ಹೆದ್ದಾರಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಡಬ್ಬಿ ನಮ್ಮ ಏರು ಇಳಿತದ ರಸ್ತೆಯಲ್ಲಿ ಮಸಿಯನ್ನು ಹಿಡಿಯುವುದು ಮಾತ್ರ, ಸುಡಲಿಕ್ಕೆ ಪುರುಸೊತ್ತೇ ಇಲ್ಲ.

2025ರ ಜನವರಿ. ಅಡಿಕೆ ಕೊಯ್ಲಿನ ಗಡಿಬಿಡಿ, ಫೆಬ್ರವರಿಗೆ ನನ್ನ ಗಾಡಿಯ ಎರಡನೇ ಟೆಸ್ಟು. ಆಗ ಮೀಟರಿನಲ್ಲಿ ಹಳದಿ ಲೈಟು ಬಂತು. ಹಿಂದೆಯೂ ಎರಡು ಸಲ ಬಂದದ್ದುಂಟು. ಪುಸ್ತಕದಲ್ಲಿ ಹೇಳಿದ ಪ್ರಕಾರ ಕುಂಬಳೆಗೆ ಇಳಿದು ಹೆದ್ದಾರಿಯಲ್ಲಿ ಬಂದ್ಯೋಡು, ಉಪ್ಪಳ, ಹೊಸಂಗಡಿ ದಾಟಿ ತಲಪಾಡಿಯವರೆಗೆ ಒಂದೇ ಹದದಲ್ಲಿ ಓಡಿಸಿಕೊಂಡು ಬಂದಿದ್ದೆ, ಲೈಟು ಹೋಗಿತ್ತು. ಈ ಸಲ ಬಾಡಿಗೆಗಳ ಒತ್ತಡ. ಮೂರನೇ ದಿವಸ ಎರಡನೆಯ ಲೈಟೂ ಉರಿಯಿತು. ಏರಿನಲ್ಲಿ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಗಾಡಿ ಮುದಿ ಎತ್ತಿನ ಹಾಗೆ ಏದುಸಿರು ಬಿಡುತ್ತದೆ. ಎಂಜಿನನ್ನು ಕಾಪಾಡಲಿಕ್ಕೆ ಕಂಪ್ಯೂಟರೇ ಶಕ್ತಿ ಕಡಿಮೆ ಮಾಡುವುದಂತೆ. ಹೇರಿದ ಅಡಿಕೆಯನ್ನು ಇನ್ನೊಂದು ಗಾಡಿಗೆ ಹಾಕಿ ಕಳಿಸಬೇಕಾಯಿತು. ಬ್ಯಾಂಕಿನ ಕಂತಿಗೆ ಉಳಿದದ್ದು ಒಂಬತ್ತು ದಿವಸ.

ಸಂಜೆ ನನ್ನ ಹೆಂಡತಿಯ ಅಣ್ಣ ಬಂದರು. ಅವರದ್ದೂ ಬಾಡಿಗೆ ಜೀಪು, ಹಳೆಯ ಕಾಲದ್ದು, ಡಬ್ಬಿ ಗಿಬ್ಬಿ ಏನೂ ಇಲ್ಲ.

"ಭಾವ, ನೀವು ಸುಮ್ಮನೆ ಎಂತಕ್ಕೆ ತಲೆಬಿಸಿ ಮಾಡುವುದು? ಒಳಗಿದ್ದದ್ದನ್ನು ಒಡೆದು ತೆಗೆಸಿ. ಕಂಪ್ಯೂಟರಿನಲ್ಲಿ ಅದನ್ನು ಬಂದ್ ಮಾಡಿ ಕೊಡುವವರು ಇದ್ದಾರೆ. ಮತ್ತೆ ಲೈಟೂ ಇಲ್ಲ, ಖರ್ಚೂ ಇಲ್ಲ."

"ಟೆಸ್ಟಿಗೆ?"

"ಟೆಸ್ಟಿನವರು ಸೈಲೆನ್ಸರ್ ಒಡೆದು ನೋಡ್ತಾರಾ ಮಾರಾಯ್ರೆ? ಹೊರಗಿನಿಂದ ಡಬ್ಬಿ ಹಾಗೇ ಇರ್ತದೆ."

ಮರುದಿವಸ ಗ್ಯಾರೇಜಿನ ಹುಡುಗನ ಹತ್ತಿರ ಕೇಳಿದೆ. ಐ.ಟಿ.ಐ. ಕಲಿತ ಹುಡುಗ, ಸುಳ್ಳು ಹೇಳುವವನಲ್ಲ. ಗಾಡಿಯ ಅಡಿಯಿಂದ ಹೊರಗೆ ಬಂದು ಕೈ ಒರೆಸಿಕೊಂಡ.

"ಅಣ್ಣ, ಭಾವ ಹೇಳಿದ್ದು ಸುಳ್ಳಲ್ಲ. ತೆಗೆದು ಕೊಡುವವರು ಬೇಕಾದಷ್ಟು ಉಂಟು. ಹೊಗೆ ಟೆಸ್ಟೂ ಪಾಸಾದೀತು. ಈಗಿನ ಎಂಜಿನಿನಲ್ಲಿ ಡೀಸೆಲ್ ಅಷ್ಟು ನುಣ್ಣಗೆ ಸಿಂಪಡಣೆ ಆಗ್ತದೆ. ಹಳೆ ಲಾರಿಯ ಹಾಗೆ ಕರಿ ಹೊಗೆ ಬರುವುದಿಲ್ಲ. ಮಸಿ ಇಲ್ಲ ಅಂತ ಅಲ್ಲ, ಕಾಣುವುದಿಲ್ಲ ಅಷ್ಟೆ."

ಆ ಕೊನೆಯ ಮಾತು ನನ್ನ ತಲೆಯಲ್ಲಿ ಕೂತಿತು. ಆ ವಾರ ಗಾಡಿ ನಿಂತಿದ್ದರಿಂದ ವಾಚನಾಲಯದಲ್ಲಿ ಕೂತು ಓದಲಿಕ್ಕೆ ಸಮಯವಿತ್ತು. ಹೊಗೆ ಟೆಸ್ಟಿನ ಯಂತ್ರ ನೋಡುವುದು ಬೆಳಕನ್ನು ತಡೆಯುವ ಹೊಗೆಯನ್ನು. ಡೀಸೆಲಿನ ಮಸಿಯ ಕಣಗಳಲ್ಲಿ ಹೆಚ್ಚಿನವು ತಲೆಕೂದಲಿನ ದಪ್ಪದ ನೂರರಲ್ಲಿ ಒಂದು ಪಾಲಿಗಿಂತಲೂ ಸಣ್ಣವು. ಕಣ್ಣಿಗೆ ಕಾಣುವ ದೊಡ್ಡ ಮಸಿ ಮೂಗಿನಲ್ಲಿ, ಗಂಟಲಿನಲ್ಲಿ ನಿಲ್ಲುತ್ತದೆ, ಕೆಮ್ಮಿದರೆ ಹೊರಗೆ ಬರುತ್ತದೆ. ಕಾಣದ ಮಸಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಆದ್ದರಿಂದಲೇ ಬಿ.ಎಸ್.-6ರಲ್ಲಿ ಮಸಿಯ ತೂಕಕ್ಕೆ ಮಾತ್ರವಲ್ಲ, ಕಣಗಳ ಲೆಕ್ಕಕ್ಕೂ ಮಿತಿ ಹಾಕಿದ್ದಾರೆ, ಡೀಸೆಲ್ ಕಾರಿಗೆ ಕಿಲೋಮೀಟರಿಗೆ 60 ಸಾವಿರ ಕೋಟಿ. ಕೇಳಲಿಕ್ಕೆ ದೊಡ್ಡ ಸಂಖ್ಯೆ. ಡಬ್ಬಿ ಇಲ್ಲದ ಎಂಜಿನು ಇದನ್ನು ಎಷ್ಟೋ ಪಟ್ಟು ಮೀರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಡಿಯಲ್ಲಿರುವ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರ ಜೂನಿನಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಬೀಡಿ ಸಿಗರೇಟಿನ ಹೊಗೆಯೂ ಅದೇ ವರ್ಗದಲ್ಲಿದೆ. ಎರಡರ ಅಪಾಯವೂ ಒಂದೇ ಪ್ರಮಾಣದ್ದು ಎಂದು ಇದರರ್ಥವಲ್ಲ, ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಪುರಾವೆ ಸಾಕಷ್ಟಿದೆ ಎಂದರ್ಥ.

ಕಾಣದ್ದೂ ಕೆಡುಕು ಮಾಡುತ್ತದೆ ಎಂದು ಕಾಸರಗೋಡಿನವರಿಗೆ ಹೊರಗಿನವರು ಬಂದು ಪಾಠ ಮಾಡಬೇಕಾಗಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನು ಎಣ್ಮಕಜೆಯವರು, ಪಡ್ರೆಯವರು ಮರೆತಿಲ್ಲ, ಮರೆಯಲಿಕ್ಕೆ ಸಾಧ್ಯವೂ ಇಲ್ಲ. ಆ ಮದ್ದನ್ನು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ತಡೆದದ್ದು 2011ರಲ್ಲಿ. ಡೀಸೆಲ್ ಹೊಗೆ ಅದಕ್ಕೆ ಸಮ ಎಂದು ನಾನು ಹೇಳುವುದಿಲ್ಲ. ಆದರೆ "ಕಾಣುವುದಿಲ್ಲವಲ್ಲ, ಮತ್ತೆಂತ" ಎಂಬ ಮಾತು ನಮ್ಮ ಊರುಗಳಲ್ಲಿ ಯಾರ ಬಾಯಿಂದಲೂ ಬರಬಾರದ ಮಾತು.

ನಮ್ಮ ಏರಿನ ಬುಡದಲ್ಲಿ ಬಸ್ಸು ಕಾಯುವ ಕಟ್ಟೆ ಉಂಟು. ಬೆಳಿಗ್ಗೆ ಶಾಲೆಯ ಹೊತ್ತಿಗೆ ಅಲ್ಲಿ ಹದಿನೈದು ಇಪ್ಪತ್ತು ಮಕ್ಕಳು. ಹೇರು ತುಂಬಿದ ಗಾಡಿಗಳೆಲ್ಲ ಗೇರು ಇಳಿಸಿ ಆಕ್ಸಿಲರೇಟರ್ ಒತ್ತುವುದು ಸರಿಯಾಗಿ ಅಲ್ಲೇ. ಸೈಲೆನ್ಸರಿನ ಬಾಯಿ ಇರುವುದು ಸಣ್ಣ ಮಕ್ಕಳ ಎದೆಯ ಎತ್ತರಕ್ಕೆ. ಭಾವನ ಜೀಪು ಬಂದರೆ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ, ಏಕೆಂದರೆ ಕಾಣುತ್ತದೆ. ನನ್ನ ಗಾಡಿಯ ಡಬ್ಬಿಯನ್ನು ಒಡೆದು ತೆಗೆಸಿದ್ದರೆ ಅವರು ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ. ಅದನ್ನು ಯೋಚಿಸಿದ ಮೇಲೆ ತೆಗೆಸುವ ಮಾತು ನನಗೆ ಮುಗಿಯಿತು.

ಕಾನೂನೂ ಸುಮ್ಮನೆ ಕೂತಿಲ್ಲ. ಕಂಪೆನಿ ಮಾಡಿಕೊಟ್ಟ ಗಾಡಿಯನ್ನು ಅನುಮತಿಯಿಲ್ಲದೆ ಬದಲಾಯಿಸಿದರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ ಎಂದು 2019ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ಹೊಗೆಯ ನಿಯಮ ಮುರಿದರೆ 10,000ದವರೆಗೆ ದಂಡ ಬೇರೆ. ಆದರೆ ಸಿಕ್ಕಿಬೀಳುತ್ತೇನೆಂಬ ಹೆದರಿಕೆಯಿಂದ ಮಾತ್ರ ಸರಿಯಾಗಿರುವವನು ಸಿಕ್ಕಿಬೀಳದ ಕಡೆ ಸರಿಯಾಗಿರುವುದಿಲ್ಲ. ಡಬ್ಬಿಯ ಒಳಗು ಈಗ ಅಂಥ ಕಡೆ.

ಗಾಡಿಯನ್ನು ಕಂಪೆನಿಯ ವರ್ಕ್‌ಶಾಪಿಗೆ ಒಯ್ದೆ. ಅವರು ಕಂಪ್ಯೂಟರ್ ಸಿಕ್ಕಿಸಿ, ನಿಂತಲ್ಲೇ ಮಸಿ ಸುಡುವ ಕ್ರಮ ಮಾಡಿದರು. ಗಾಡಿಯ ಅಡಿಯಲ್ಲಿ ಒಣ ಎಲೆಯಾಗಲಿ ಚಿಂದಿಯಾಗಲಿ ಇರಬಾರದೆಂದು ಮೊದಲು ಗುಡಿಸಿದರು. ಇದನ್ನು ನಮ್ಮವರು ನೆನಪಿಡಬೇಕು. ಮಸಿ ಸುಡುವ ಹೊತ್ತಿನಲ್ಲಿ ಗಾಡಿಯನ್ನು ಅಡಿಕೆ ಸಿಪ್ಪೆಯ ಮೇಲೋ ಒಣಹುಲ್ಲಿನ ಮೇಲೋ ನಿಲ್ಲಿಸಿದರೆ ಬೆಂಕಿ ಹಿಡಿಯಬಹುದು. ಎಂಜಿನಿನ ಶಬ್ದ ಯಾರೂ ಒತ್ತದೆ ತಾನಾಗಿ ಏರಿತು. ಬಿಸಿ ಕಬ್ಬಿಣದ ವಾಸನೆ ಬಂತು. ಅರ್ಧ ಗಂಟೆಯಲ್ಲಿ ಕಂಪ್ಯೂಟರಿನ ಪರದೆಯಲ್ಲಿ ಒತ್ತಡದ ಅಂಕ ಇಳಿಯುತ್ತಾ ಬಂತು, ಲೈಟುಗಳು ಹೋದವು. ಆಯಿಲೂ ಬದಲಾಯಿಸಿದರು. ಖರ್ಚು ಮೂರು ದಿನದ ಬಾಡಿಗೆಯಷ್ಟು. ಹೊಸ ಡಬ್ಬಿಯನ್ನೇ ಹಾಕಬೇಕಾಗಿದ್ದರೆ ಮೂರು ತಿಂಗಳ ದುಡಿಮೆ ಹೋಗುತ್ತಿತ್ತು. ಭಾವನ ಮಾತಿನ ಹಿಂದೆ ಇದ್ದದ್ದು ಆ ಭಯವೇ, ಕೆಟ್ಟ ಮನಸ್ಸಲ್ಲ. ಡಬ್ಬಿ ಒಡೆಸುವವರನ್ನೆಲ್ಲ ಬೈಯುವ ಮೊದಲು ಆ ಮೂರು ತಿಂಗಳ ಲೆಕ್ಕವನ್ನೂ ಹಾಕಬೇಕು.

ಫೆಬ್ರವರಿಯಲ್ಲಿ ಟೆಸ್ಟು ಪಾಸಾಯಿತು. ಬ್ರೇಕು, ಲೈಟು, ಹಾರ್ನು, ಟಯರು, ವೈಪರು, ಇನ್ಶೂರೆನ್ಸು, ತೆರಿಗೆ, ಹೊಗೆ ಪತ್ರ ಎಲ್ಲ ನೋಡಿದರು. ಡಬ್ಬಿಯ ಮಾತು ಬರಲಿಲ್ಲ.

ನಮ್ಮ ನೆರೆಮನೆಯ ಹುಡುಗಿ ಜರ್ಮನಿಯಲ್ಲಿ ನರ್ಸ್. ಓಣಂ ರಜೆಗೆ ಬಂದವಳಿಗೆ ಈ ಕಥೆ ಹೇಳಿದೆ. "ಮಾಮ, ಅಲ್ಲಿ ಹಾಗೆ ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ, ನನ್ನ ಹಳೆ ಕಾರಿಗೂ ಎರಡು ವರ್ಷಕ್ಕೊಮ್ಮೆ ಟೆಸ್ಟು ಉಂಟು" ಎಂದಳು. ಅಲ್ಲಿ 2023ರ ಜುಲೈ 1ರಿಂದ ನಮ್ಮ ಬಿ.ಎಸ್.-6ಕ್ಕೆ ಸರಿಸಮನಾದ ಡೀಸೆಲ್ ಗಾಡಿಗಳ ಟೆಸ್ಟಿನಲ್ಲಿ ಕಣಗಳನ್ನು ಎಣಿಸುವ ಯಂತ್ರ ಬಂದಿದೆ. ಗಾಡಿ ನಿಂತಲ್ಲೇ ಉರಿಯುತ್ತಿರುವಾಗ ಒಂದು ಘನ ಸೆಂಟಿಮೀಟರ್ ಹೊಗೆಯಲ್ಲಿ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಕಣ ಇದ್ದರೆ ಫೇಲು. ಬೆಲ್ಜಿಯಂ 2022ರಲ್ಲೂ ನೆದರ್‌ಲ್ಯಾಂಡ್ಸ್ 2023ರ ಆರಂಭದಲ್ಲೂ ಇದನ್ನು ಶುರುಮಾಡಿದವು, ಅವರ ಮಿತಿ ಹತ್ತು ಲಕ್ಷ. ಇಂಗ್ಲೆಂಡಿನಲ್ಲಿ 2014ರಲ್ಲೇ ಟೆಸ್ಟಿನ ಹೊತ್ತಿಗೆ ಡಬ್ಬಿ ಜಾಗದಲ್ಲಿ ಇದೆಯೋ ಎಂದು ನೋಡುವ ನಿಯಮ ಬಂದಿತ್ತು. ಆದರೆ ಹೊರಗಿನಿಂದ ನೋಡಿದರೆ ಖಾಲಿ ಡಬ್ಬಿಯೂ ತುಂಬಿದ ಡಬ್ಬಿಯೂ ಒಂದೇ. ಎಣಿಸಿದರೆ ಮಾತ್ರ ಗುಟ್ಟು ಹೊರಬರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿರುವುದು ಬೇರೆ, ಮಕ್ಕಳ ತಲೆ ಎಣಿಸುವುದು ಬೇರೆ ಎಂದು ಮಾಷ್ಟ್ರುಗಳಿಗೆ ನಾನು ಹೇಳಬೇಕಾಗಿಲ್ಲ.

ಅಂಥ ಯಂತ್ರ ನಮ್ಮ ಮೈದಾನಕ್ಕೆ ಬರುವವರೆಗೆ ಡಬ್ಬಿಯ ಕಾವಲು ಗಾಡಿಯವನದ್ದೇ. ಅದು ಅಷ್ಟೇನೂ ಕಷ್ಟವಲ್ಲ. ಹತ್ತು ದಿವಸಕ್ಕೊಮ್ಮೆ ಮಂಗಳೂರಿನ ಬಾಡಿಗೆ ಒಂದನ್ನು ಹಿಡಿಯುತ್ತೇನೆ. ಹೆದ್ದಾರಿಯಲ್ಲಿ ನಿಲ್ಲದೆ ಓಡುವಾಗ ಮಸಿ ತಾನಾಗಿ ಸುಡುತ್ತದೆ. ಭಾವನಿಗೆ ಈಗಲೂ ನಾನೊಬ್ಬ ಪೆದ್ದ ಎಂದೇ ಅಭಿಪ್ರಾಯ. ಆದರೂ ತನಗೆ ಬಂದ ಮಂಗಳೂರಿನ ಹೇರುಗಳನ್ನು "ತಕೊಳ್ಳಿ, ನಿಮ್ಮ ಡಬ್ಬಿಗೆ ಊಟ" ಎಂದು ನನಗೆ ದಾಟಿಸುತ್ತಾರೆ, ಊರಿನೊಳಗಿನ ಸಣ್ಣ ಬಾಡಿಗೆಗಳನ್ನು ನಾನು ಅವರಿಗೆ ಬಿಡುತ್ತೇನೆ. ಹಳದಿ ಲೈಟು ಬಂದ ದಿವಸವೇ ಓಡಿಸಿದರೆ ಖರ್ಚು ಡೀಸೆಲಿನದ್ದು ಮಾತ್ರ.

ಎರಡನೆಯದು ಆಯಿಲ್. ಮಸಿ ಸುಟ್ಟರೆ ಹೋಗುತ್ತದೆ, ಆದರೆ ಎಂಜಿನ್ ಆಯಿಲಿನಲ್ಲಿ ಬೆರೆಸಿದ ಮದ್ದುಗಳು ಸುಟ್ಟು ಉಳಿಯುವ ಬೂದಿ ಹೋಗುವುದಿಲ್ಲ. ಒಲೆಯಲ್ಲಿ ಕಟ್ಟಿಗೆ ಸುಟ್ಟರೂ ಬೂದಿ ಉಳಿಯುವ ಹಾಗೆ. ಅದು ವರ್ಷಗಟ್ಟಲೆ ಒಳಗೆ ಕೂಡುತ್ತಾ ಬಂದು ಒಂದು ದಿವಸ ಡಬ್ಬಿಯನ್ನು ಬಿಚ್ಚಿ ಶುದ್ಧ ಮಾಡಿಸಬೇಕಾಗುತ್ತದೆ. ಆ ದಿವಸವನ್ನು ದೂರ ತಳ್ಳಬೇಕಾದರೆ ಬೂದಿ ಕಡಿಮೆ ಮಾಡುವ ಆಯಿಲನ್ನೇ ಹಾಕಬೇಕು. ಗಾಡಿಯ ಪುಸ್ತಕದಲ್ಲಿ ಯಾವ ಗುರುತು ಬರೆದಿದೆ, ಸಿ-3ಯೋ ಸಿಕೆ-4ಓ, ಅದೇ ಗುರುತು ಕ್ಯಾನಿನ ಮೇಲೂ ಇದೆಯೇ ಎಂದು ನೋಡಿದರೆ ಆಯಿತು.

ಮೂರನೆಯದು ಒಂದು ಗುಮಾನಿ. ಸಾರಡ್ಕ ದಾಟಿ ಕರ್ನಾಟಕದ ಪಂಪಿನಲ್ಲಿ ಡೀಸೆಲ್ ಹಾಕಿಸಿದರೆ ನಾಲ್ಕು ಕಾಸು ಉಳಿಯುತ್ತದೆ, ಗಡಿಯವರೆಲ್ಲ ಮಾಡುವ ಕೆಲಸ. ಡಬ್ಬಿ ಕಟ್ಟಿದಾಗ "ಆಚೆಯ ಡೀಸೆಲ್ ಸರಿ ಇಲ್ಲ" ಎಂದು ಹೇಳುವವರಿದ್ದಾರೆ. ಡೀಸೆಲಿನಲ್ಲಿ ಗಂಧಕ ಹೆಚ್ಚಿದ್ದರೆ ಡಬ್ಬಿಗೆ ಕೇಡು ಎಂಬುದು ಹೌದು. ಆದರೆ 2020ರ ಏಪ್ರಿಲಿನಿಂದ ದೇಶದಲ್ಲೆಲ್ಲ ಮಾರುವ ಡೀಸೆಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಪಾಲು. ಮೊದಲು 50 ಇತ್ತು. ಗಡಿಯ ಈಚೆಗೂ ಆಚೆಗೂ ವ್ಯತ್ಯಾಸ ಇರುವುದು ತೆರಿಗೆಯಲ್ಲಿ.

ಈಗ ಸೆಕೆಂಡ್ ಹ್ಯಾಂಡ್ ಬಿ.ಎಸ್.-6 ಡೀಸೆಲ್ ಗಾಡಿಗಳು ಮಾರಾಟಕ್ಕೆ ಬರುತ್ತಿವೆ. ತೆಗೆದುಕೊಳ್ಳುವವರು ಪೈಂಟು ನೋಡುತ್ತಾರೆ, ಸೀಟು ನೋಡುತ್ತಾರೆ, ಎಷ್ಟು ಕಿಲೋಮೀಟರ್ ಓಡಿದೆ ಕೇಳುತ್ತಾರೆ. ಇನ್ನೊಂದು ಕೆಲಸ ಮಾಡಿ. ಎಂಜಿನು ತಣ್ಣಗಿರುವಾಗ ಸೈಲೆನ್ಸರಿನ ಬಾಯೊಳಗೆ ಬೆರಳು ಹಾಕಿ ಒರೆಸಿ ನೋಡಿ. ಡಬ್ಬಿ ಸರಿಯಾಗಿದ್ದರೆ ಅಲ್ಲಿಗೆ ಮಸಿ ಬಂದು ತಲುಪುವುದಿಲ್ಲ, ಬೆರಳಿಗೆ ಹೆಚ್ಚೆಂದರೆ ಸ್ವಲ್ಪ ಧೂಳು. ಬೆರಳು ಕಪ್ಪಾದರೆ ಡಬ್ಬಿ ಒಡೆದಿದೆ, ಇಲ್ಲವೆ ಯಾರೋ ತೆಗೆದಿದ್ದಾರೆ.

ನಮ್ಮ ಶಾಲೆಯ ಗಣಿತದ ಮಾಷ್ಟ್ರು ಕಳೆದ ತಿಂಗಳು ಒಂದು ಕಾರು ನೋಡಲಿಕ್ಕೆ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿದ್ದರು. ಬಿಳಿ ಕಾರು, ಹೊಳೆಯುತ್ತಿತ್ತು, ಹೊಗೆ ಪತ್ರವೂ ಹೊಸತು. "ಮಾಷ್ಟ್ರೇ, ಒಮ್ಮೆ ಬೆರಳು ಹಾಕಿ ನೋಡಿ" ಎಂದೆ. ಅವರು ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತು ಬೆರಳು ಹಾಕಿದರು. ಹೊರಗೆ ತೆಗೆದಾಗ ಬೋರ್ಡಿಗೆ ಬಳಿಯುವಷ್ಟು ಕಪ್ಪು. ಮಾರುವವನು ನಗಾಡಿದ: "ಡೀಸೆಲ್ ಅಲ್ಲವಾ ಸರ್, ಅಷ್ಟು ಇರ್ತದೆ." ಮಾಷ್ಟ್ರು ಏನೂ ಹೇಳಲಿಲ್ಲ. ಬೆರಳನ್ನು ಆ ಹೊಗೆ ಪತ್ರದ ಹಿಂಬದಿಗೆ ಒರೆಸಿ, ಮಡಚಿ ಅವನ ಕೈಗೇ ಕೊಟ್ಟು ಬಸ್ಸು ಹತ್ತಿದರು.